ಬ್ರೇಕ್ ಹಾಕಿದಾಗ ಆ ಕರೆಂಟ್ ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಡೊಂಬಿವಲಿ, ಠಾಣೆಯಿಂದೆಲ್ಲ ಮಾಟುಂಗಾಕ್ಕೆ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕಾದಾಡುವ ರೋಬೋದ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ಬೋರ್ಡ್, ಯಾಕೆ ಸುಡುತ್ತದೆ? ಎದುರಾಳಿಯ ಏಟಿಗೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮೊದಲ ಇಎಸ್‌ಸಿ ಸುಟ್ಟಾಗ ಎದುರಾಳಿಯೇ ಇರಲಿಲ್ಲ. ಮನೆಯ ಗ್ಯಾಲರಿಯಲ್ಲಿ, ಪ್ಲೈವುಡ್ ಪೆಟ್ಟಿಗೆಯೊಳಗೆ ಪುಟ್ಟ ಡ್ರಮ್, ಅಂದರೆ ರೋಬೋದ ಆಯುಧವಾದ ತಿರುಗುವ ಉರುಳೆ, ಬಿಗಿದು, ಬ್ಯಾಟರಿ ಸವೆಸೋದು ಯಾಕೆ ಅಂತ ಲ್ಯಾಮಿಂಗ್ಟನ್ ರೋಡಿನಿಂದ ತಂದ ಪವರ್ ಸಪ್ಲೈಗೆ ಜೋಡಿಸಿದ್ದೆ. ಡ್ರಮ್ ಚೆನ್ನಾಗಿಯೇ ತಿರುಗಿತು. ಥ್ರಾಟಲ್ ಒಂದೇ ಸಲ ಸೊನ್ನೆಗೆ ಎಳೆದೆ. ಟಪ್! ಒಳಗಿನಿಂದ ಅಮ್ಮ, "ಹಾಲು ಸೀದುಹೋಯ್ತೇನೋ?" ಎಂದು ಕೂಗಿದರು.

ಆಗಿದ್ದು ಇಷ್ಟೇ. ಥ್ರಾಟಲ್ ಸೊನ್ನೆಯಾದಾಗ ಇಎಸ್‌ಸಿ ಬ್ರೇಕ್ ಹಾಕಿತು. ತಿರುಗುವ ಮೋಟಾರಿಗೆ ಬ್ರೇಕ್ ಹಾಕಿದರೆ ಅದು ಜನರೇಟರ್ ಆಗುತ್ತದೆ. ನೀವು ಇವತ್ತು ಹತ್ತಿ ಬಂದ ಲೋಕಲ್ ಕೂಡ ಬ್ರೇಕ್ ಹಾಕುವಾಗ ಮೇಲಿನ ತಂತಿಗೆ ಕರೆಂಟ್ ವಾಪಸ್ ಕೊಡುತ್ತದೆ, ಅದನ್ನು ಇನ್ನೊಂದು ಗಾಡಿ ಬಳಸಿಕೊಳ್ಳುತ್ತದೆ. ನಮ್ಮ ರೋಬೋದಲ್ಲಿ ಆ ತಂತಿಯ ಜಾಗದಲ್ಲಿರೋದು ಬ್ಯಾಟರಿ. ಪವರ್ ಸಪ್ಲೈ ಹಾಗಲ್ಲ, ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಅನ್ನುವ ಅಂಗಡಿಯವನ ಹಾಗೆ. ಆಗ ವಾಪಸ್ ಬಂದ ಕರೆಂಟ್ ವೋಲ್ಟೇಜನ್ನು ಏರಿಸಿ ಇಎಸ್‌ಸಿಯನ್ನು ಸುಡುತ್ತದೆ.

ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ. 25 ವೋಲ್ಟಿನಲ್ಲಿ ತಿರುಗಿಸಿದ ಮೋಟಾರ್ 25ಕ್ಕಿಂತ ಜಾಸ್ತಿ ಹೇಗೆ ಕೊಟ್ಟೀತು? ಸುಮ್ನೆ ತಿರುಗಲು ಬಿಟ್ಟರೆ ಕೊಡುವುದಿಲ್ಲ. ಆದರೆ ಬ್ರೇಕ್ ಹಾಕುವಾಗ ಮಾಸ್‌ಫೆಟ್‌ಗಳು, ಅಂದರೆ ಇಎಸ್‌ಸಿಯೊಳಗಿನ ಎಲೆಕ್ಟ್ರಾನಿಕ್ ಸ್ವಿಚ್‌ಗಳು, ಸೆಕೆಂಡಿಗೆ ಸಾವಿರಾರು ಸಲ ಮೋಟಾರಿನ ತಂತಿಗಳನ್ನು ಒಂದಕ್ಕೊಂದು ಜೋಡಿಸಿ, ಬಿಟ್ಟು, ಮತ್ತೆ ಜೋಡಿಸುತ್ತವೆ. ಬೆಳಿಗ್ಗೆ ನೀರು ಬಿಟ್ಟಾಗ ಚಾಳಿನ ನಲ್ಲಿಯನ್ನು ಗಬಕ್ಕನೆ ಮುಚ್ಚಿದರೆ ಪೈಪ್ ಢಣ್ ಅನ್ನುತ್ತದೆ, ಅಲ್ವಾ? ಸುರುಳಿಯೊಳಗಿನ ಕರೆಂಟಿನದೂ ಅದೇ ಸ್ವಭಾವ. ಹರಿಯುತ್ತಿದ್ದದ್ದನ್ನು ತಡೆದರೆ ನುಗ್ಗುತ್ತದೆ, ಹೋಗಲು ದಾರಿಯಿಲ್ಲದಿದ್ದರೆ ವೋಲ್ಟೇಜ್ ಏರಿಸಿಕೊಂಡು ನುಗ್ಗುತ್ತದೆ.

ಎಷ್ಟು ಏರುತ್ತದೆ? 2 ಕಿಲೋ ತೂಕದ, 20 ಸೆಂಟಿಮೀಟರ್ ಅಗಲದ, ಆಯುಧವಾಗಿ ತಿರುಗುವ ಉಕ್ಕಿನ ತಟ್ಟೆಯನ್ನು ನಿಮಿಷಕ್ಕೆ 6000 ಸುತ್ತು ತಿರುಗಿಸಿ. ಅದರಲ್ಲಿ ಸುಮಾರು 2000 ಜೂಲ್ ಇರುತ್ತದೆ. ಇಎಸ್‌ಸಿಗೆ ಜೋಡಿಸಿದ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 25 ವೋಲ್ಟಿನಿಂದ 40ಕ್ಕೆ ಏರಿಸಲು ಬೇಕಾಗೋದು ಬರೀ ಅರ್ಧ ಜೂಲ್! 35 ವೋಲ್ಟಿನ ಕೆಪಾಸಿಟರ್, 40 ವೋಲ್ಟಿನ ಮಾಸ್‌ಫೆಟ್ ಇರುವ ಬೋರ್ಡ್ ಸುಡಲು ಅಷ್ಟು ಸಾಕು. "ದೊಡ್ಡ ಕೆಪಾಸಿಟರ್ ಹಾಕಿದ್ದೀನಿ ಸರ್" ಅನ್ನುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಕೆಪಾಸಿಟರ್ ಬೇಕು, ಉದ್ದ ವೈರಿನಿಂದ ಬರುವ ಚಿಕ್ಕ ಏರಿಳಿತಕ್ಕೆ. ಹೆಚ್ಚಾದ ವೋಲ್ಟೇಜನ್ನು ತಡೆಯುವ ಟಿವಿಎಸ್ ಡಯೋಡ್ ಕೂಡ ಕ್ಷಣಮಾತ್ರದ ಏರಿಕೆಗೆ ಸರಿ, 2000 ಜೂಲ್ ನುಂಗು ಅಂದರೆ ಅದೂ ಸುಡುತ್ತದೆ.

ಬ್ಯಾಟರಿ ಫುಲ್ ಇದ್ದರೆ ಜಾಗ ಎಲ್ಲಿ ಎಂದು ಕೆಲವರು ಹೆದರುತ್ತಾರೆ. ತಟ್ಟೆ ತಿರುಗಿದ್ದೇ ಆ ಬ್ಯಾಟರಿ ಖರ್ಚು ಮಾಡಿದ್ದರಿಂದ, ಅಷ್ಟು ಜಾಗ ಆಗಲೇ ಖಾಲಿ. ನಿಜವಾದ ಭಯ ಬೇರೆ. ಬ್ರೇಕ್ ಹಾಕುವ ಹೊತ್ತಿಗೆ ಬ್ಯಾಟರಿಯ ದಾರಿ ಕಡಿದಿರುವುದು. ಏಟಿಗೆ ಸಡಿಲವಾದ ಕನೆಕ್ಟರ್, ಮಧ್ಯೆ ಹಾಕಿದ ಫ್ಯೂಸ್, ಉಲ್ಟಾ ಜೋಡಣೆಯಿಂದ ಕಾಪಾಡಲಿ ಎಂದು ಯಾರೋ ಹಾಕಿದ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್. ಆ ಡಯೋಡ್ ಅಂತೂ ದಯವಿಟ್ಟು ಕಿತ್ತುಹಾಕಿ. ಎಕ್ಸ್‌ಟಿ90 ಕನೆಕ್ಟರ್ ಮೇಲೆ ಒಂದು ಜಿಪ್ ಟೈ ಬಿಗಿಯಿರಿ. ಎರಡು ರೂಪಾಯಿ ಕೆಲಸ.

ಇನ್ನು ಸೆಟ್ಟಿಂಗ್. ಇಎಸ್‌ಸಿಯನ್ನು ನಡೆಸುವ ಎಎಂ32 ಎಂಬ ಫರ್ಮ್‌ವೇರಿನಲ್ಲಿ ಕಾಂಪ್ಲಿಮೆಂಟರಿ ಪಿಡಬ್ಲ್ಯೂಎಂ, ಬ್ರೇಕ್ ಆನ್ ಸ್ಟಾಪ್ ಎರಡನ್ನೂ ಆಫ್ ಮಾಡಿದರೆ ತಟ್ಟೆ ತಾನಾಗಿ ನಿಧಾನವಾಗುತ್ತದೆ, ಕರೆಂಟ್ ವಾಪಸ್ ಬರುವುದಿಲ್ಲ. ಆದರೆ 60 ಸೆಕೆಂಡಿನೊಳಗೆ ಆಯುಧ ನಿಲ್ಲಬೇಕೆಂಬ ನಿಯಮ ಹಲವು ಸ್ಪರ್ಧೆಗಳಲ್ಲಿದೆ. ಭಾರದ ತಟ್ಟೆ, ಒಳ್ಳೆಯ ಬೇರಿಂಗ್ ಇದ್ದರೆ ಅಷ್ಟರಲ್ಲಿ ನಿಲ್ಲದೇ ಹೋಗಬಹುದು. ಆಗ ಮೆಲ್ಲಗೆ ಬ್ರೇಕ್ ಹಾಕಿ. ಅದೇ 2000 ಜೂಲನ್ನು 1 ಸೆಕೆಂಡಿನಲ್ಲಿ ಎಳೆದರೆ ಬ್ಯಾಟರಿಗೆ ನುಗ್ಗೋದು ಸುಮಾರು 80 ಆಂಪ್, 10 ಸೆಕೆಂಡಿನಲ್ಲಿ ಎಳೆದರೆ ಬರೀ 8. ವೆಸ್ಕ್ ಎಂಬ ಬಗೆಯ ಇಎಸ್‌ಸಿ ಬಳಸುವವರಿಗೆ ವಾಪಸ್ ಬರುವ ಕರೆಂಟಿಗೇ ಮಿತಿ ಹಾಕುವ ಸೆಟ್ಟಿಂಗ್ ಇದೆ.

ಚಕ್ರದ ಮೋಟಾರಿನ ಕಥೆ ಬೇರೆ. ಪೂರ್ತಿ ವೇಗದಲ್ಲಿ ಮುಂದೆ ಹೋಗುತ್ತಾ ತಟ್ಟನೆ ರಿವರ್ಸ್ ಕೊಟ್ಟರೆ ಮೋಟಾರಿನ ವೋಲ್ಟೇಜೂ ಬ್ಯಾಟರಿಯ ವೋಲ್ಟೇಜೂ ಕೂಡಿಕೊಂಡು, ಚಕ್ರ ಹಿಡಿದು ನಿಲ್ಲಿಸಿದಾಗ ಬರುವ ಕರೆಂಟಿನ ಹತ್ತಿರಹತ್ತಿರ ಎರಡರಷ್ಟು ಹರಿಯುತ್ತದೆ. ಇದನ್ನೂ ರಿಜೆನ್, ಅಂದರೆ ಬ್ರೇಕಿನಿಂದ ವಾಪಸ್ ಬರುವ ಕರೆಂಟ್, ಎಂದು ಬೈಯುತ್ತಾರೆ, ಇದು ರಿಜೆನ್ ಅಲ್ಲ, ನಮ್ಮ ಅವಸರ. ರಿಮೋಟಿನಲ್ಲಿ, ವೇಗ ಮೆಲ್ಲಗೆ ಬದಲಾಗುವಂತೆ, ಸ್ವಲ್ಪ ರ‍್ಯಾಂಪ್ ಹಾಕಿದರೆ ಮುಗಿಯಿತು.

ಪೊವಾಯಿಗೆ, ಐಐಟಿಯ ಟೆಕ್‌ಫೆಸ್ಟ್ ಉತ್ಸವದ ರೋಬೋವಾರ್ಸ್ ಸ್ಪರ್ಧೆಗೆ ಹೋಗುವ ಆಸೆ ಇರುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ಗ್ಯಾಲರಿಯಲ್ಲಿ ಪರೀಕ್ಷೆ ಮಾಡುವಾಗಲೂ ಬ್ಯಾಟರಿಯನ್ನೇ ಜೋಡಿಸಿ. ನನ್ನ ಆ ಹಳೆಯ ಇಎಸ್‌ಸಿಯನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ, ಚಹಾ ಕುಡಿಯುವಾಗ ಕೈಗೆತ್ತಿಕೊಂಡು ನೋಡಿ. ಎಡಗಡೆಯ ಮೂರನೇ ಮಾಸ್‌ಫೆಟ್ ಮೇಲೆ ಸಾಸಿವೆ ಕಾಳಿನಷ್ಟು ತೂತು ಕಾಣುತ್ತದೆ.