ಪುಲಕೇಶಿಯ ಹೆಸರು ಬರೆದಿಟ್ಟ ಭಿಕ್ಷು ಕಟ್ಟಿಸಿದ ಗೋಪುರ: ಚೀನಾದ ಶಿಯಾನ್‌ನಲ್ಲಿ ಒಂದು ದಿನ

[ದೃಶ್ಯ: ಬೆಳಗಿನ ಮಂಜು. ಏಳು ಅಂತಸ್ತಿನ ಚೌಕ ಇಟ್ಟಿಗೆ ಗೋಪುರ. ಅದರ ಮುಂದೆ ಕೋಲು ಹಿಡಿದು ನಿಂತ ಭಿಕ್ಷುವಿನ ಪ್ರತಿಮೆ.]

ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಇಮ್ಮಡಿ ಪುಲಕೇಶಿಯ ಪಾಠ ಓದಿದ್ದು ನೆನಪಿದೆಯಾ? ಅದರಲ್ಲಿ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಹೆಸರು ಬಂದೇ ಬರುತ್ತಿತ್ತು. ಭಾರತಕ್ಕೆ ಬಂದ, ಹರ್ಷನನ್ನು ಕಂಡ, ಪುಲಕೇಶಿಯ ಬಗ್ಗೆ ಬರೆದ. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಊರಿಗೆ ವಾಪಸ್ ಹೋದಮೇಲೆ ಆ ಮನುಷ್ಯ ಏನು ಮಾಡಿದ ಅಂತ ನನಗೆ ಯಾರೂ ಹೇಳಿರಲಿಲ್ಲ.

ನನ್ನ ಹಿಂದೆ ಕಾಣುತ್ತಿದೆಯಲ್ಲ, ಈ ಗೋಪುರ, ಇದನ್ನು ಕಟ್ಟಿಸಿದ್ದು ಆತ. ಊರು ಶಿಯಾನ್. ಆಗ ಇದರ ಹೆಸರು ಚಾಂಗಾನ್, ತಾಂಗ್ ವಂಶದ ರಾಜಧಾನಿ. ಗೋಪುರದ ಹೆಸರು ‘ದಾ ಯೆನ್ ಥಾ’, ಅಂದರೆ ದೊಡ್ಡ ಹೆಬ್ಬಾತಿನ ಪಗೋಡ.

ಹೆಬ್ಬಾತು ಅಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಂಡುಹಿಂಡಾಗಿ ಬಂದಿಳಿಯುತ್ತವಲ್ಲ, ಆ ಜಾತಿಯ ಹಕ್ಕಿ. ಅದು ಇಲ್ಲಿಗೆ ಹೇಗೆ ಬಂತು? ಹ್ಯುಯೆನ್ ತ್ಸಾಂಗ್ ಮಗಧದಲ್ಲಿ ಕೇಳಿ ಬರೆದುಕೊಂಡ ಕಥೆಯೊಂದಿದೆ. ಅಲ್ಲೊಂದು ವಿಹಾರದಲ್ಲಿ ಭಿಕ್ಷುಗಳು ಮಾಂಸ ಉಣ್ಣುತ್ತಿದ್ದರು. ಒಂದು ದಿನ ಊಟಕ್ಕೆ ಮಾಂಸ ಸಿಗಲಿಲ್ಲ. ಆಕಾಶದಲ್ಲಿ ಹಾರುತ್ತಿದ್ದ ಹಿಂಡನ್ನು ನೋಡಿ ಒಬ್ಬ ಭಿಕ್ಷು, ‘ಇವತ್ತು ನಮಗೆ ಊಟ ಸಾಲದು, ಬೋಧಿಸತ್ವನಿಗೆ ಇದು ತಿಳಿಯಬೇಕು’ ಅಂದ. ಮುಂದಿದ್ದ ಹಕ್ಕಿ ಅವನ ಕಾಲಬುಡಕ್ಕೇ ಬಿದ್ದು ಸತ್ತಿತು. ಭಿಕ್ಷುಗಳು ಮಾಂಸ ಬಿಟ್ಟರು. ಹಕ್ಕಿಯನ್ನು ಮಣ್ಣುಮಾಡಿ ಮೇಲೊಂದು ಸ್ತೂಪ ಕಟ್ಟಿದರು. ಅದು ಹಂಸಸ್ತೂಪ. ನಮ್ಮ ‘ಹಂಸ’ವೇ ಚೀನಾದಲ್ಲಿ ‘ಯೆನ್’ ಆಯಿತು.

[ದೃಶ್ಯ: ನಕ್ಷೆ. ಚಾಂಗಾನ್‌ನಿಂದ ಮಧ್ಯ ಏಷ್ಯಾ, ನಳಂದ, ಕಂಚಿ, ದಖ್ಖನ್, ಮತ್ತೆ ಹಿಂದಕ್ಕೆ.]

ಗೋಪುರ ಯಾಕೆ ಬೇಕಾಯಿತು ಅನ್ನುವುದಕ್ಕೆ ಮೊದಲು ಒಂದು ನದಿಯ ಕಥೆ ಹೇಳಬೇಕು.

ಭಾರತದಲ್ಲಿ ವರ್ಷಗಟ್ಟಲೆ ಇದ್ದು, ನಳಂದದಲ್ಲಿ ಓದಿ, ಗ್ರಂಥಗಳನ್ನು ಪ್ರತಿ ಮಾಡಿಸಿಕೊಂಡು ವಾಪಸ್ ಹೊರಟಾಗ ಸಿಂಧೂ ನದಿ ದಾಟಬೇಕಾಗಿ ಬಂತು. ಆತ ಆನೆಯ ಮೇಲೆ ಕೂತು ದಾಟಿದ. ಗ್ರಂಥಗಳನ್ನು ದೋಣಿಗೆ ಹಾಕಿದ್ದರು. ನಡುನೀರಿನಲ್ಲಿ ಗಾಳಿ ಎದ್ದು ದೋಣಿ ಹೊಯ್ದಾಡಿತು. ಐವತ್ತು ಕಟ್ಟು ಗ್ರಂಥಗಳು ನೀರುಪಾಲಾದವು. ಅವುಗಳ ಜೊತೆಗೆ ಆತ ಜೋಪಾನವಾಗಿ ಕೂಡಿಟ್ಟಿದ್ದ ಹೂವಿನ ಬೀಜಗಳೂ ಹೋದವು. ನಾಲ್ಕು ದಿಕ್ಕಿನಿಂದ ಶಾಸ್ತ್ರ ಹೊರುತ್ತಿದ್ದವನು ಹೂವಿನ ಬೀಜವನ್ನೂ ಊರಿಗೆ ಒಯ್ಯುತ್ತಿದ್ದ ಅನ್ನುವ ಈ ವಿವರ ಓದಿದ ದಿನದಿಂದ ಆತ ನನಗೆ ಪಠ್ಯಪುಸ್ತಕದ ಹೆಸರಾಗಿ ಉಳಿದಿಲ್ಲ.

645ರಲ್ಲಿ ಚಾಂಗಾನ್ ತಲುಪಿದಾಗ 657 ಗ್ರಂಥಗಳು ಉಳಿದಿದ್ದವು. ಹೊತ್ತು ತರಲು 20 ಕುದುರೆಗಳು ಬೇಕಾದವು. 648ರಲ್ಲಿ ಯುವರಾಜ ತೀರಿಹೋದ ತಾಯಿಯ ನೆನಪಿಗೆ ದಾ ತ್ಸಿಯೆನ್ ಎಂಬ ದೊಡ್ಡ ವಿಹಾರ ಕಟ್ಟಿಸಿದ, ಅದರಲ್ಲಿ ಅನುವಾದಕ್ಕೆ ಜಾಗ ಕೊಟ್ಟ. ಆ ಯುವರಾಜನೇ ಮುಂದೆ ಚಕ್ರವರ್ತಿ ಗಾವೋಜೊಂಗ್. 652ರಲ್ಲಿ ಹ್ಯುಯೆನ್ ತ್ಸಾಂಗ್ ಅವನ ಮುಂದೆ ಒಂದು ಬೇಡಿಕೆ ಇಟ್ಟ. ಮನುಷ್ಯರು ಶಾಶ್ವತವಲ್ಲ, ಗ್ರಂಥಗಳು ಚದುರಿಹೋಗಬಹುದು, ಬೆಂಕಿ ಬೀಳಬಹುದು, ಆದ್ದರಿಂದ ಇವನ್ನಿಡಲು ಒಂದು ಕಲ್ಲಿನ ಗೋಪುರ ಬೇಕು. ನದಿಯಲ್ಲಿ ಒಮ್ಮೆ ಕಳೆದುಕೊಂಡವನ ಮಾತು ಅದು.

ಕಲ್ಲಿನದು ಬೇಗ ಮುಗಿಯುವ ಕೆಲಸವಲ್ಲ, ಇಟ್ಟಿಗೆಯಲ್ಲಿ ಕಟ್ಟಿ ಅಂದ ಚಕ್ರವರ್ತಿ. ಖರ್ಚಿಗೆ ಅರಮನೆಗಳಲ್ಲಿ ತೀರಿಕೊಂಡವರ ಬಟ್ಟೆಬರೆಗಳನ್ನು ಕೊಟ್ಟ. ಕೆಲಸ ಶುರುವಾದಾಗ ಹ್ಯುಯೆನ್ ತ್ಸಾಂಗ್ ಸ್ವತಃ ಬುಟ್ಟಿ ಹೊತ್ತ, ಇಟ್ಟಿಗೆ ಸಾಗಿಸಿದ. ಆಗ ಆತನಿಗೆ ಐವತ್ತರ ಆಸುಪಾಸು. ಭಾರತದಲ್ಲಿ ಕಂಡ ಸ್ತೂಪಗಳ ಮಾದರಿಯಲ್ಲಿ ಐದು ಅಂತಸ್ತು ಎದ್ದಿತು.

[ದೃಶ್ಯ: ಕ್ಯಾಮೆರಾ ಗೋಡೆಯ ಹತ್ತಿರಕ್ಕೆ. ಇಟ್ಟಿಗೆಗಳ ಸಂದು.]

ನೀವು ಈಗ ನೋಡುತ್ತಿರುವುದು ಆ ಐದಂತಸ್ತಲ್ಲ. ಆ ಕಟ್ಟಡದ ಹೊರಮೈ ಮಾತ್ರ ಇಟ್ಟಿಗೆ, ಒಳಗೆಲ್ಲ ಮಣ್ಣು ತುಂಬಿತ್ತು. ಕೆಲವೇ ದಶಕಗಳಲ್ಲಿ ಇಟ್ಟಿಗೆಯ ಸಂದುಗಳಿಂದ ಗಿಡಗಂಟಿ ಹೊರಬಂದು ಗೋಪುರ ಕುಸಿಯತೊಡಗಿತು. ನಮ್ಮ ಹಳೆಯ ಕೋಟೆಗೋಡೆಗಳ ಮೇಲೆ ಅರಳಿ ಗಿಡ ಹುಟ್ಟಿ ಕಲ್ಲನ್ನೇ ಸೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 701ರಿಂದ 704ರ ನಡುವೆ, ಸಾಮ್ರಾಜ್ಞಿ ವೂ ಜತಿಯೆನ್ ಕಾಲದಲ್ಲಿ, ಅದನ್ನು ಕೆಡವಿ ಇನ್ನೂ ಎತ್ತರಕ್ಕೆ ಕಟ್ಟಿದರು. ಆಮೇಲೆ ಮಿಂಗ್ ಕಾಲದಲ್ಲಿ ಹೊರಗಿನಿಂದ ಮತ್ತೊಂದು ಸುತ್ತು ಇಟ್ಟಿಗೆ ಹೊದಿಸಿದರು. ಈಗಿನ ಎತ್ತರ ಸುಮಾರು 64 ಮೀಟರ್.

904ರಲ್ಲಿ ಈ ರಾಜಧಾನಿಯನ್ನೇ ಕಳಚಿದರು. ಜೂ ವೆನ್ ಎಂಬ ಸೇನಾನಿ ಅರಮನೆ, ಮನೆಗಳ ಮರಮಟ್ಟನ್ನೆಲ್ಲ ಬಿಚ್ಚಿಸಿ ವೇ ನದಿಯಲ್ಲಿ ತೇಲಿಬಿಡಿಸಿ ಲುವೋಯಾಂಗ್‌ಗೆ ಸಾಗಿಸಿದ. ಒಂದು ಕಾಲಕ್ಕೆ 1,897 ಕೋಣೆಗಳಿದ್ದ ಈ ವಿಹಾರದಲ್ಲಿ ಇವತ್ತು ಉಳಿದಿರುವುದು ಗೋಪುರವಿದ್ದ ಒಂದು ಅಂಗಳದಷ್ಟು ಜಾಗ. ಇಟ್ಟಿಗೆಯನ್ನು ಯಾರೂ ತೇಲಿಬಿಡಲಿಲ್ಲ.

ಇನ್ನೊಂದು ವಿಷಯ. ಗೋಪುರ ವಾಯವ್ಯ ದಿಕ್ಕಿಗೆ ವಾಲಿದೆ. ನಗರದವರು ಬೋರ್‌ವೆಲ್‌ಗಳಿಂದ ಅಂತರ್ಜಲ ಎತ್ತಿದ್ದರಿಂದ ನೆಲ ಕುಸಿಯಿತು, 1996ರ ಹೊತ್ತಿಗೆ ವಾಲಿದ್ದು 1 ಮೀಟರ್ ದಾಟಿತ್ತು. ಆಮೇಲೆ ಬಾವಿಗಳನ್ನು ಮುಚ್ಚಿದರು, ಈಗ ತೀರಾ ನಿಧಾನವಾಗಿ ನೆಟ್ಟಗಾಗುತ್ತಿದೆ.

[ದೃಶ್ಯ: ದಕ್ಷಿಣದ ಬಾಗಿಲು. ಎರಡೂ ಬದಿಯ ಗೂಡುಗಳಲ್ಲಿ ಶಿಲಾಶಾಸನ.]

ಇಲ್ಲಿಗೆ ಬಂದವರು ಸೀದಾ ಮೆಟ್ಟಿಲು ಹತ್ತಲು ಓಡುತ್ತಾರೆ. ದಯವಿಟ್ಟು ಈ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿ. ಗೋಪುರದ ನಿಜವಾದ ಆಸ್ತಿ ಕೆಳಗಿದೆ.

ಆಚೆ ಈಚೆ ಎರಡು ಶಾಸನಗಳಿವೆ. ಕೆತ್ತಿದ್ದು 653ರಲ್ಲಿ. ಒಂದು ಹ್ಯುಯೆನ್ ತ್ಸಾಂಗ್ ಅನುವಾದಗಳಿಗೆ ಚಕ್ರವರ್ತಿ ತೈಜೊಂಗ್ ಬರೆದ ಮುನ್ನುಡಿ, ಇನ್ನೊಂದು ಮಗ ಗಾವೋಜೊಂಗ್ ಬರೆದದ್ದು. ಅಕ್ಷರ ಚೂ ಸ್ವೇಲಿಯಾಂಗ್ ಎಂಬ ಮಂತ್ರಿಯದು, ಚೀನಾದ ಮಹಾ ಲಿಪಿಕಾರರಲ್ಲೊಬ್ಬ. ಅಕ್ಷರಗಳು ತೆಳು, ಆದರೆ ಗೆರೆಯಲ್ಲಿ ಬಿಗಿ ಇದೆ. ಆಗಿನ ರೂಢಿಯಂತೆ ಒಂದು ಶಾಸನವನ್ನು ಬಲದಿಂದ ಎಡಕ್ಕೆ ಓದಬೇಕು. ಇನ್ನೊಂದನ್ನು ಎಡದಿಂದ ಬಲಕ್ಕೆ! ಗರ್ಭಗುಡಿಯ ಬಾಗಿಲಿನ ದ್ವಾರಪಾಲಕರು ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರು ನಿಲ್ಲುತ್ತಾರಲ್ಲ, ಹಾಗೆ ಜೋಡಿಸಿದ್ದಾರೆ.

ಪಶ್ಚಿಮದ ಬಾಗಿಲ ಮೇಲಿನ ಕಲ್ಲನ್ನೂ ನೋಡಿ. ಕೂದಲೆಳೆಯಂಥ ಗೆರೆಗಳಲ್ಲಿ ಬುದ್ಧ ಬೋಧಿಸುತ್ತಿರುವ ಒಂದು ಮರದ ಮಂಟಪ. ಕಂಬ, ಬೋದಿಗೆ, ಹೆಂಚಿನ ಸಾಲು, ಎಲ್ಲ ಇದೆ. ತಾಂಗ್ ಕಾಲದ ಮರದ ಕಟ್ಟಡಗಳು ಉಳಿದಿರುವುದು ಬೆರಳೆಣಿಕೆಯಷ್ಟು. ಅವು ಹೇಗಿದ್ದವು ಅಂತ ತಿಳಿಯಲು ವಾಸ್ತುಶಿಲ್ಪ ಇತಿಹಾಸಕಾರ ಲಿಯಾಂಗ್ ಸ್ಸಚೆಂಗ್ ಈ ಕೆತ್ತನೆಯನ್ನು ಆಧಾರವಾಗಿ ಹಿಡಿದರು.

[ದೃಶ್ಯ: ಮರದ ಮೆಟ್ಟಿಲು. ಮೇಲಿನ ಅಂತಸ್ತಿನ ಕಮಾನು ಕಿಟಕಿ.]

ಮೇಲೆ ಹತ್ತಲು ಬೇರೆ ಟಿಕೆಟ್. ಪ್ರತಿ ಅಂತಸ್ತಿನಲ್ಲೂ ನಾಲ್ಕು ದಿಕ್ಕಿಗೆ ಕಮಾನು. 752ರಲ್ಲಿ ದು ಫು, ತ್ಸೆನ್ ಶೆನ್ ಸೇರಿದಂತೆ ಐವರು ಕವಿಗಳು ಒಟ್ಟಿಗೆ ಇಲ್ಲಿ ಹತ್ತಿ, ತಲಾ ಒಂದು ಕವಿತೆ ಬರೆದರು. ರಾಜ್ಯದ ಪರೀಕ್ಷೆಯಲ್ಲಿ ಗೆದ್ದವರು ಇಲ್ಲಿಗೆ ಬಂದು ಹೆಸರು ಬರೆಯುವ ಪದ್ಧತಿಯೂ ಇತ್ತು. 800ರಲ್ಲಿ ಪಾಸಾದ ಕವಿ ಬೈ ಜೂಯಿ, ಆ ಹದಿನೇಳು ಮಂದಿಯಲ್ಲಿ ತಾನೇ ಚಿಕ್ಕವನು ಅಂತ ಸಂಭ್ರಮಪಟ್ಟಿದ್ದ.

ಈಗ ಪುಲಕೇಶಿ. 646ರಲ್ಲಿ, ಚಕ್ರವರ್ತಿಯ ಅಪ್ಪಣೆಯ ಮೇರೆಗೆ, ಹ್ಯುಯೆನ್ ತ್ಸಾಂಗ್ ತನ್ನ ಪ್ರವಾಸದ ವರದಿ ಮುಗಿಸಿದ. ಅದರಲ್ಲಿ ದಖ್ಖನಿನ ಜನರ ಬಗ್ಗೆ ಹೀಗಿದೆ: ಉಪಕಾರ ಮಾಡಿದರೆ ಮರೆಯುವುದಿಲ್ಲ, ಅವಮಾನ ಮಾಡಿದರೆ ಬಿಡುವುದಿಲ್ಲ. ಯುದ್ಧದಲ್ಲಿ ಸೋತ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡುತ್ತಾರೆ. ಕಾಳಗಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಾರೆ. ಹರ್ಷನ ಸೈನ್ಯಕ್ಕೆ ಈ ರಾಜ ತಲೆಬಾಗಿಲ್ಲ. ಹರ್ಷ ಸೋತದ್ದನ್ನು ರವಿಕೀರ್ತಿ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ 634ರಲ್ಲಿ ಹಾಡಿದ್ದ. ಅವನು ಆಸ್ಥಾನದ ಕವಿ, ಹೊಗಳುವುದು ಅವನ ಕೆಲಸ. ಇವನು ಎಲ್ಲಿಂದಲೋ ಬಂದ ಭಿಕ್ಷು, ಹರ್ಷನ ಆತಿಥ್ಯ ಉಂಡವನು. ಹರ್ಷ ಗೆಲ್ಲಲಿಲ್ಲ ಅಂತ ಅವನೂ ಬರೆದದ್ದರಿಂದಲೇ ಆ ಮಾತಿಗೆ ಇಷ್ಟು ತೂಕ.

ರಾಜನ ಹೆಸರನ್ನು ಆತ ಚೀನೀ ಅಕ್ಷರದಲ್ಲಿ ಕೂಡಿಸಿದ ರೀತಿಯನ್ನು ಇವತ್ತಿನ ಉಚ್ಚಾರಣೆಯಲ್ಲಿ ಓದಿದರೆ ‘ಬು-ಲುವೊ-ಜಿ-ಶೆ’. ವರದಿ ಮುಗಿಯುವ ಹೊತ್ತಿಗೆ ಬಾದಾಮಿ ಪಲ್ಲವರ ಕೈಗೆ ಬಿದ್ದು ನಾಲ್ಕು ವರ್ಷವಾಗಿತ್ತು.

[ದೃಶ್ಯ: ರಾತ್ರಿ. ದೀಪಗಳ ಬೀದಿ, ಹಳೆಯ ಶೈಲಿಯ ಉಡುಪಿನಲ್ಲಿ ಯುವತಿಯರು.]

ಸುತ್ತಮುತ್ತಲಿನ ಮಾತು ಬೇಗ ಮುಗಿಸುತ್ತೇನೆ. ಮೆಟ್ರೋ ಮೂರನೇ ಮತ್ತು ನಾಲ್ಕನೇ ಮಾರ್ಗ ಎರಡೂ ದಾ ಯೆನ್ ಥಾ ನಿಲ್ದಾಣಕ್ಕೆ ಬರುತ್ತವೆ. ಉತ್ತರಕ್ಕೆ ಸಂಗೀತ ಕಾರಂಜಿ, ದಕ್ಷಿಣಕ್ಕೆ ‘ರಾತ್ರಿಯಿಲ್ಲದ ಊರು’ ಎಂಬ ದೀಪದ ಬೀದಿ. ಎರಡರಲ್ಲೂ ವಿಪರೀತ ಜನ. ನನ್ನ ಕೇಳಿದರೆ ಬೆಳಗ್ಗೆಯೇ ಬನ್ನಿ, ಉಳಿದ ಹೊತ್ತು ಶಾಂಕ್ಸಿ ಇತಿಹಾಸ ಮ್ಯೂಸಿಯಂಗೆ ಕೊಡಿ, ಹತ್ತಿರದಲ್ಲೇ ಇದೆ. ಅಲ್ಲಿಗೆ ಮೊದಲೇ ಬುಕ್ ಮಾಡಬೇಕು, ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಸ್ಯಾಹಾರಿಗಳು ‘ವೋ ಚ್ರ್ ಸೂ’ ಅನ್ನುವುದನ್ನು ಕಲಿತಿಟ್ಟುಕೊಳ್ಳಿ, ‘ನಾನು ಸಸ್ಯಾಹಾರಿ’ ಅಂತ ಅರ್ಥ. ಸದ್ದಿಲ್ಲದ ಜಾಗ ಬೇಕಾದರೆ ಚಿಕ್ಕ ಹೆಬ್ಬಾತಿನ ಪಗೋಡಕ್ಕೆ ಹೋಗಿ, ಮರಗಳ ನಡುವೆ ಇದೆ. ಹ್ಯುಯೆನ್ ತ್ಸಾಂಗ್ ಸಮಾಧಿ ಇರುವುದು ಊರಿನ ದಕ್ಷಿಣಕ್ಕೆ, ಶಿಂಗ್ಜ್ಯಾವ್ ವಿಹಾರದಲ್ಲಿ. 669ರ ಪುಟ್ಟ ಪಗೋಡ, ಪಕ್ಕದಲ್ಲಿ ಇಬ್ಬರು ಶಿಷ್ಯರ ಸ್ಮಾರಕ, ಅದರಲ್ಲೊಬ್ಬ ಕೊರಿಯಾದವನು.

[ದೃಶ್ಯ: ಮತ್ತೆ ವಿಹಾರದ ಅಂಗಳ. ಧೂಪದ ಹೊಗೆ. ಒಳಗಿನಿಂದ ಮರದ ತಾಳದ ಸದ್ದು.]

ಆತ ಹೊತ್ತು ತಂದ ತಾಳೆಗರಿಗಳು ಇವತ್ತು ಈ ಗೋಪುರದಲ್ಲಿಲ್ಲ. ಉಳಿದಿರುವುದು ಅನುವಾದ: 75 ಗ್ರಂಥ, 1,335 ಸಂಪುಟ. ಮಹಾವಿಭಾಷೆಯಂಥ ದೊಡ್ಡ ಬೌದ್ಧ ಗ್ರಂಥದ ಸಂಸ್ಕೃತ ಮೂಲ ನಮ್ಮಲ್ಲೇ ಕಳೆದುಹೋಗಿದೆ, ಪೂರ್ತಿ ಸಿಗುವುದು ಆತನ ಚೀನೀ ಅನುವಾದದಲ್ಲಿ.

ಕೆಲವನ್ನು ಆತ ಅನುವಾದಿಸಲು ಒಪ್ಪಲಿಲ್ಲ, ಅವುಗಳಲ್ಲಿ ಮಂತ್ರವೂ ಒಂದು. ಮಂತ್ರದ ಅರ್ಥ ಹೇಳಬಾರದು, ಧ್ವನಿಯನ್ನೇ ಒಯ್ಯಬೇಕು ಅನ್ನುವುದು ಆತನ ನಿಯಮ. 649ರಲ್ಲಿ ಆತ ಅನುವಾದಿಸಿದ ಪ್ರಜ್ಞಾಪಾರಮಿತಾ ಹೃದಯ ಸೂತ್ರ 260 ಅಕ್ಷರಗಳ ಪುಟ್ಟ ಪಾಠ. ಅದನ್ನೇ ಇಲ್ಲಿ ಒಳಗೆ ಹೇಳುತ್ತಿದ್ದರು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಸುಮ್ಮನೆ ಬಾಗಿಲ ಪಕ್ಕ ನಿಂತಿದ್ದೆ. ಕೊನೆಗೆ ಬಂದಾಗ ಕೇಳಿಸಿತು: ‘ಜ್ಯೆ-ದಿ, ಜ್ಯೆ-ದಿ, ಬೋ-ಲುವೊ ಜ್ಯೆ-ದಿ...’

ಗತೇ, ಗತೇ, ಪಾರಗತೇ.

‘ಪು-ಥಿ ಸಾ-ಪೋ-ಹೆ.’

ಬೋಧಿ ಸ್ವಾಹಾ.

[ದೃಶ್ಯ: ತಾಳದ ಸದ್ದು ಮುಂದುವರಿಯುತ್ತದೆ. ಪರದೆ ನಿಧಾನಕ್ಕೆ ಕಪ್ಪಾಗುತ್ತದೆ.]