ನಿನ್ನೆ ಏನೇನ್ ಮಾಡಿದ್ರಿ? ಖಾನಾವಳಿಯ ಒಲೆ ಮುಂದೆ ಇಂಗ್ಲಿಷ್ ಭೂತಕಾಲ

ನಮಸ್ಕಾರ್ರೀ ಎಲ್ಲರಿಗೂ. ಇವತ್ತಿನ ವ್ಲಾಗ್ ಇಂಗ್ಲಿಷ್ ಈಗಷ್ಟೇ ಕಲಿಯೋಕೆ ಶುರು ಮಾಡಿದವರಿಗೆ. ನಿನ್ನೆ ಮಾಡಿದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳೋದು ಹೇಗೆ ಅನ್ನೋದಷ್ಟೇ ವಿಷಯ. ವ್ಯಾಕರಣದವರು ಇದಕ್ಕೆ ಸಿಂಪಲ್ ಪಾಸ್ಟ್ ಅನ್ನುತ್ತಾರೆ. ಅದರಲ್ಲೂ ಕೊನೆಗೆ ಇ-ಡಿ ಹಚ್ಚಿದರೆ ಕೆಲಸ ಮುಗಿಯುವ ರೆಗ್ಯುಲರ್ ಕ್ರಿಯಾಪದಗಳನ್ನು ಮಾತ್ರ ಇವತ್ತು ನೋಡೋಣ. ಗೋ ಹೋಗಿ ವೆಂಟ್ ಆಗುವಂಥವು ಇವತ್ತು ಬೇಡ.

ಈಗ ನೀವು ನೋಡುತ್ತಿರೋದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್. ಉಣಕಲ್ ದಾಟಿದೆ, ನವನಗರ ಬರ್ತಾ ಇದೆ. ಈ ಬಸ್ಸಿನಲ್ಲಿ ಕೂತಾಗ ಸುಮ್ನೆ ಅಕ್ಕಪಕ್ಕದವರ ಮಾತಿಗೆ ಕಿವಿ ಕೊಡಿ. "ಗಾಡಿ ಸ್ಟೇಷನ್ ಹತ್ರ ಪಾರ್ಕ್ ಮಾಡಿದೆ." "ಟಿಕೆಟ್ ಬುಕ್ ಮಾಡಿದೆ." "ಮೊಬೈಲ್ ರೀಚಾರ್ಜ್ ಮಾಡಿದೆ." "ಅಂವಗ ಕಾಲ್ ಮಾಡಿದೆ, ಎತ್ತಲಿಲ್ಲ." ಯಾರೂ ಇಂಗ್ಲಿಷ್ ಮಾತಾಡುತ್ತಿಲ್ಲ, ಎಲ್ಲರೂ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲೇ ಮಾತಾಡುತ್ತಿದ್ದಾರೆ. ಆದರೆ ಪಾರ್ಕ್, ಬುಕ್, ರೀಚಾರ್ಜ್, ಕಾಲ್ ಎಲ್ಲ ಇಂಗ್ಲಿಷ್ ಕ್ರಿಯಾಪದಗಳೇ, ಎಲ್ಲವೂ ರೆಗ್ಯುಲರ್. ಇದನ್ನು ನಾನು ಪದೇ ಪದೇ ಹೇಳ್ತೀನಿ. ನಿಮಗೆ ಪದ ಗೊತ್ತಿಲ್ಲ ಅನ್ನೋದು ಸುಳ್ಳು. ಕ್ಲೀನ್, ಚೆಕ್, ಪ್ಯಾಕ್, ವಾಶ್, ಆರ್ಡರ್, ಸ್ಟಾರ್ಟ್, ಓಪನ್, ಡೌನ್‌ಲೋಡ್ ಎಲ್ಲವನ್ನೂ ದಿನಾ ಆಡುತ್ತೀರಿ. ಕೊನೆಯ 'ಮಾಡಿದೆ' ತೆಗೆಯಿರಿ, ಶುರುವಿಗೆ 'ಐ' ಇಡಿ, ಕ್ರಿಯಾಪದದ ಕೊನೆಗೆ ಇ-ಡಿ ಹಚ್ಚಿ. ಐ ಪಾರ್ಕ್ಟ್. ಐ ಕಾಲ್ಡ್. ಐ ಸ್ಟಾರ್ಟಿಡ್. ಕಟ್, ಸೆಂಡ್, ಡ್ರೈವ್ ಥರದ ಕೆಲವು ಈ ಸಾಲಿಗೆ ಸೇರೋದಿಲ್ಲ, ಅದು ನಿಜ. ಆದರೆ ಇಂಗ್ಲಿಷಿನಲ್ಲಿ ಬಹುಪಾಲು ಕ್ರಿಯಾಪದಗಳು ಇ-ಡಿ ಹಚ್ಚಿಸಿಕೊಳ್ಳುವಂಥವೇ. ಹೊಸದಾಗಿ ಹುಟ್ಟಿಕೊಂಡ ಗೂಗಲ್ ಮಾಡೋದು ಕೂಡ ಗೂಗಲ್ಡ್ ಅಂತಲೇ ಆಗುತ್ತದೆ.

ಇನ್ನೊಂದು ಸಮಾಧಾನದ ವಿಷಯ. ಕನ್ನಡದಲ್ಲಿ ನಾನು ಮಾಡಿದೆ, ಅವನು ಮಾಡಿದ, ಅವಳು ಮಾಡಿದಳು, ಅವರು ಮಾಡಿದರು, ಅದು ಮಾಡಿತು ಅಂತ ಆಳು ಬದಲಾದ ಹಾಗೆ ಕ್ರಿಯಾಪದದ ಬಾಲವೂ ಬದಲಾಗುತ್ತದೆ. ಇಂಗ್ಲಿಷಿನ ಭೂತಕಾಲದಲ್ಲಿ ಆ ತಾಪತ್ರಯ ಇಲ್ಲ. ಐ, ಯು, ಹಿ, ಶಿ, ದೇ ಯಾರೇ ಇರಲಿ, ಕಾಲ್ಡ್ ಅಂದರೆ ಕಾಲ್ಡ್. ಇಷ್ಟು ಬಾಲಗಳನ್ನು ಲೀಲಾಜಾಲವಾಗಿ ಆಡಿಸುವ ನಮಗೆ ಒಂದೇ ಒಂದು ಇ-ಡಿ ಯಾವ ಲೆಕ್ಕ?

ಜುಬಿಲಿ ಸರ್ಕಲ್ ಬಂತು. ಇಲ್ಲಿಂದ ಸ್ವಲ್ಪ ನಡೆದರೆ ನಮ್ಮ ಕಾಕು ಅವರ ಖಾನಾವಳಿ. ಧಾರವಾಡ ಅಂದರೆ ವಿದ್ಯಾರ್ಥಿಗಳ ಊರು, ನಿಮಗೆ ಗೊತ್ತೇ ಇದೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಮೊದಲಿಂದ ಇದ್ದವು, 2016ರಲ್ಲಿ ಐಐಟಿಯೂ ಶುರುವಾಯಿತು. ಬೇರೆ ರಾಜ್ಯದ ಹುಡುಗರು ಊಟಕ್ಕೆ ಬಂದು "ಆಂಟಿ, ನಿನ್ನೆ ಯಾಕೆ ಬಂದ್ ಇತ್ತು?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕಾಕುಗೆ ಎಲ್ಲ ಅರ್ಥವಾಗುತ್ತದೆ. ತಿರುಗಿ ಹೇಳಬೇಕು ಅನ್ನೋದು ಅವರ ಆಸೆ. ಇಡೀ ಓಣಿಗೆ ಜೋರು ದನಿಯಲ್ಲಿ ಮಾತಾಡುವ ಹೆಣ್ಣುಮಗಳು ಇಂಗ್ಲಿಷ್ ಅಂದ ಕೂಡಲೇ ದನಿ ತಗ್ಗಿಸುತ್ತಾರಲ್ಲ, ಅದು ನನಗೆ ಸಂಕಟ. ಅದಕ್ಕೇ ನಾವಿಬ್ಬರೂ ಒಲೆ ಮುಂದೆಯೇ ಪಾಠ ಶುರು ಮಾಡಿದೆವು.

ಹಾಗೆ ಶುರು ಮಾಡಿದ ಮೇಲೆ ತಿಳಿದದ್ದು, ಅಡುಗೆಮನೆ ತುಂಬ ಬರೀ ರೆಗ್ಯುಲರ್ ಕ್ರಿಯಾಪದಗಳೇ ಇವೆ ಅಂತ.

ರೊಟ್ಟಿ ಮಾಡೋದನ್ನೇ ನೋಡಿ. ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಒಂದು ಕುಣಿ, ಅದಕ್ಕೆ ಮರಳುವ ನೀರು. ಕಾಕು ಮೊದಲು ಸೌಟಿನ ಹಿಡಿಕೆಯಿಂದ ಕಲಸುತ್ತಾರೆ, ಕೈ ಸುಡದಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆ ಮಾಡಿ, ಕೆಳಗೆ ಒಣ ಹಿಟ್ಟು ಉದುರಿಸಿ, ಟಪಟಪ ಬಡಿಯುತ್ತಾರೆ. ಹಂಚಿಗೆ ಹಾಕಿ ಮೇಲೆ ನೀರು ಸವರಿ ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ. ಈಗ ಇದನ್ನೇ ಇಂಗ್ಲಿಷಿನಲ್ಲಿ ಕೇಳಿ. ಐ ಪೋರ್ಡ್ ಹಾಟ್ ವಾಟರ್. ಐ ಮಿಕ್ಸ್ಟ್ ದ ಫ್ಲೌರ್. ಐ ನೀಡಿಡ್ ಇಟ್. ಐ ಪ್ಯಾಟಿಡ್ ದ ರೊಟ್ಟಿ. ಐ ಫ್ಲಿಪ್ಟ್ ಇಟ್. ಇಟ್ ಪಫ್ಟ್ ಅಪ್. ಒಂದು ರೊಟ್ಟಿಗೆ ಆರು ವಾಕ್ಯ! ಕೈ ಒಂದೊಂದು ಕೆಲಸ ಮುಗಿಸಿದ ಹಾಗೆ ಬಾಯಿ ಒಂದೊಂದು ವಾಕ್ಯ ಹೇಳಬೇಕು. ಪುಸ್ತಕದಲ್ಲಿ ಪಟ್ಟಿ ಮಾಡಿ ಉರು ಹೊಡೆಯೋದಕ್ಕಿಂತ ಇದು ಎಷ್ಟೋ ಪಾಲು ಮೇಲು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಉಚ್ಚಾರ ಗಮನಿಸಿದಿರಾ? ಬರೆಯೋದು ಎಲ್ಲ ಕಡೆ ಇ-ಡಿ. ಆದರೆ ನಾನು ಕೆಲವು ಕಡೆ ಟ್ ಅಂದೆ, ಕೆಲವು ಕಡೆ ಡ್ ಅಂದೆ, ಕೆಲವು ಕಡೆ ಇಡ್ ಅಂದೆ. ನಮ್ಮ ಕಡೆ ಜಾಸ್ತಿ ಜನ ಎಲ್ಲದಕ್ಕೂ ಎಡ್ ಸೇರಿಸಿ ಕುಕ್ಕೆಡ್, ವಾಶೆಡ್, ಕಾಲೆಡ್ ಅನ್ನುತ್ತಾರೆ. ಕಣ್ಣಿಗೆ ಕಂಡ ಹಾಗೇ ಓದೋದು ಕನ್ನಡದವರ ಅಭ್ಯಾಸ, ಅದು ಸಹಜ. ಆದರೆ ಸರಿಯಾದ ಉಚ್ಚಾರಕ್ಕೆ ಬೇಕಾದ ಸೂತ್ರವೂ ನಮ್ಮ ಒಂದನೇ ಇಯತ್ತೆಯ ಅಕ್ಷರಮಾಲೆಯಲ್ಲೇ ಇದೆ. ಸ್ವಲ್ಪ ನಿಧಾನಕ್ಕೆ ಕೇಳಿ, ಈ ವಿಡಿಯೋದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಕ ಖ ಗ ಘ. ಚ ಛ ಜ ಝ. ಟ ಠ ಡ ಢ. ತ ಥ ದ ಧ. ಪ ಫ ಬ ಭ. ಪ್ರತಿ ಸಾಲಿನ ಮೊದಲ ಅಕ್ಷರ ಕ, ಚ, ಟ, ತ, ಪ. ಮೂರನೆಯದು ಗ, ಜ, ಡ, ದ, ಬ. ಗಂಟಲ ಮೇಲೆ ಎರಡು ಬೆರಳಿಟ್ಟು ಮೊದಲು ಪ್, ಆಮೇಲೆ ಬ್ ಅನ್ನಿ. ಪ್ ಅಂದಾಗ ಗಂಟಲು ಸುಮ್ಮನಿರುತ್ತದೆ, ಬ್ ಅಂದಾಗ ನಡುಗುತ್ತದೆ. ಈಗ ಟ ಮತ್ತು ಡ ಎಲ್ಲಿವೆ ನೋಡಿ. ಟ ತನ್ನ ಸಾಲಿನಲ್ಲಿ ಮೊದಲನೆಯದು, ಡ ಮೂರನೆಯದು. ಕ್ರಿಯಾಪದ ಮೊದಲನೇ ಅಕ್ಷರದ ಸದ್ದಿನಲ್ಲಿ ಮುಗಿದರೆ ಮೊದಲನೇ ಅಕ್ಷರವಾದ ಟ್ ಬರುತ್ತದೆ: ಕುಕ್ಟ್, ಪ್ಯಾಕ್ಟ್, ಚಾಪ್ಟ್, ವಾಚ್ಟ್. ಮೂರನೇ ಅಕ್ಷರದ ಸದ್ದಿನಲ್ಲಿ ಮುಗಿದರೆ ಮೂರನೇ ಅಕ್ಷರವಾದ ಡ್: ಬೆಗ್ಡ್, ರಬ್ಡ್, ರೀಚಾರ್ಜ್ಡ್. ಸ್, ಶ್, ಫ್ ಸದ್ದುಗಳಿಗೆ ಗಂಟಲು ನಡುಗೋದಿಲ್ಲ, ಅವು ಟ್ ಕಡೆ: ವಾಶ್ಟ್, ಪ್ರೆಸ್ಟ್, ಪಫ್ಟ್. ಲ್, ನ್, ಮ್, ರ್, ವ್ ಮತ್ತು ಎಲ್ಲ ಸ್ವರಗಳು ಡ್ ಕಡೆ: ಪೀಲ್ಡ್, ಕ್ಲೀನ್ಡ್, ಪೋರ್ಡ್, ಸರ್ವ್ಡ್, ಫ್ರೈಡ್. ಕ್ಲೋಸ್ ಅಂತ ನಾವು ಹೇಳುವ ಕ್ರಿಯಾಪದದ ಕೊನೆಗೆ ನಿಜವಾಗಿ ಇರೋದು ನಡುಗುವ ಝ್ ಸದ್ದು, ಹಾಗಾಗಿ ಅದು ಕ್ಲೋಝ್ಡ್.

ಉಳಿದದ್ದು ಇಡ್. ಕ್ರಿಯಾಪದ ಟ್ ಅಥವಾ ಡ್ ಸದ್ದಿನಲ್ಲೇ ಮುಗಿದರೆ ಅದರ ಮೇಲೆ ಇನ್ನೊಂದು ಟ್ ಇಲ್ಲವೇ ಡ್ ಹೇಳೋಕೆ ಆಗೋದಿಲ್ಲ. ಅದಕ್ಕೇ ನಡುವೆ ಒಂದು ಸಣ್ಣ ಇ ಬರುತ್ತದೆ. ವೇಟಿಡ್, ಆ್ಯಡಿಡ್, ರೋಸ್ಟಿಡ್, ನೀಡಿಡ್. ಈ ಎರಡು ಸದ್ದುಗಳ ಹೊರತು ಬೇರೆಲ್ಲೂ ಭೂತಕಾಲ ಹೇಳುವಾಗ ಈ ಇ ಸೇರಿಸಬೇಡಿ.

ಇದನ್ನು ಕೇಳಿದ ಕಾಕು ಕೇಳಿದ ಪ್ರಶ್ನೆ ಬಹಳ ಚೊಲೋ ಇತ್ತು. "ಹಂಗಾರ ಕುಕ್ಟ್ ಅಂತ ಬರಿಯೂ ಮುಂದ ಟಿ ಹಾಕ್ಬೇಕನವಾ?"

"ಇಲ್ರೀ ಕಾಕು. ಬರಿಯೂದು ಯಾವಾಗ್ಲೂ ಇ-ಡಿನ. ಅನ್ನೂದಷ್ಟ ಬ್ಯಾರೆ."

ಇನ್ನೊಂದು ಕಷ್ಟ ಇದೆ. ಕನ್ನಡದ ನಾಲಿಗೆಗೆ ಪದದ ಕೊನೆಗೆ ಸ್ವರ ಬೇಕು. ಬಸ್ಸು, ಕಾರು, ಬ್ಯಾಂಕು ಅನ್ನೋದೇ ರೂಢಿ. ಹಾಗಾಗಿ ಕುಕ್ಟ್ ಅನ್ನೋದು ಕುಕ್ಟು ಆಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ, ಮುಂದೆ 'ಇಟ್' ಸೇರಿಸಿ ಒಂದೇ ಉಸಿರಿನಲ್ಲಿ ಹೇಳೋದು. ಕುಕ್ಟಿಟ್. ವಾಶ್ಟಿಟ್. ಪೀಲ್ಡಿಟ್. ಆಗ ಆ ಟ್‌ಗೆ ಒರಗೋಕೆ ಒಂದು ಸ್ವರ ಸಿಗುತ್ತದೆ, ನಾಲಿಗೆ ತಡವರಿಸೋದಿಲ್ಲ. ಕಾಕು ಬದನೆಕಾಯಿ ಹೆಚ್ಚುತ್ತಾ ಇದನ್ನೇ ಹೇಳ್ತಿದ್ದಾರೆ, ಕೇಳಿ: ಚಾಪ್ಟಿಟ್, ಚಾಪ್ಟಿಟ್, ಚಾಪ್ಟಿಟ್. ಈಳಿಗೆಯ ಲಯಕ್ಕೆ ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ?

ಸ್ಪೆಲಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸರ್ವ್ ಥರ ಮೊದಲೇ ಕೊನೆಗೆ ಇ ಇದ್ದರೆ ಬರೀ ಡಿ ಸಾಕು. ಫ್ರೈ, ಡ್ರೈ, ಸ್ಟಡಿ ಪದಗಳಲ್ಲಿ ವೈ ಹೋಗಿ ಐ ಬರುತ್ತದೆ, ಆಮೇಲೆ ಇ-ಡಿ. ಆದರೆ ಪ್ಲೇ, ಸ್ಟೇ, ಎಂಜಾಯ್ ಪದಗಳಲ್ಲಿ ವೈ ಹಿಂದೆ ಸ್ವರ ಇರೋದರಿಂದ ವೈ ಅಲ್ಲೇ ಉಳಿಯುತ್ತದೆ. ಚಾಪ್, ಪ್ಯಾಟ್, ಸ್ಟಾಪ್ ಥರದ ಗಿಡ್ಡ ಪದಗಳಲ್ಲಿ ಒಂದೇ ಸ್ವರ, ಅದರ ಮುಂದೆ ಒಂದೇ ವ್ಯಂಜನ ಇದ್ದರೆ ಆ ವ್ಯಂಜನವನ್ನು ಎರಡು ಸಲ ಬರೆಯಬೇಕು. ಮಿಕ್ಸ್ ಪದದ ಎಕ್ಸ್ ಮಾತ್ರ ಎರಡಾಗೋದಿಲ್ಲ. ಬರೆಯುತ್ತಾ ಹೋದರೆ ಇದು ಕೈಗೇ ಬರುತ್ತದೆ.

ನಿಜವಾಗಿ ಜಾಗ್ರತೆ ಬೇಕಾಗಿರೋದು 'ಡಿಡ್' ಬಂದಾಗ. ಇಲ್ಲ ಅನ್ನೋದು ನಮಗೆ ಸುಲಭ. ಕನ್ನಡದಲ್ಲಿ 'ಮಾಡಿದೆ' ಅನ್ನೋದು ಇಲ್ಲ ಸೇರಿದ ಕೂಡಲೇ 'ಮಾಡಲಿಲ್ಲ' ಆಗುತ್ತದೆ. 'ಮಾಡಿದೆ ಇಲ್ಲ' ಅಂತ ಯಾರೂ ಅನ್ನೋದಿಲ್ಲ. ಇಂಗ್ಲಿಷಿನಲ್ಲೂ ಹಾಗೇ. ಐ ಕುಕ್ಟ್ ಅನ್ನೋದು ಐ ಡಿಡಂಟ್ ಕುಕ್ ಆಗುತ್ತದೆ, ಇ-ಡಿ ಬಿಟ್ಟು ಹೋಗುತ್ತದೆ. ತಪ್ಪೋದು ಪ್ರಶ್ನೆಯಲ್ಲಿ. ಕನ್ನಡದ ಪ್ರಶ್ನೆ 'ಮಾಡಿದಿರಾ?' ಭೂತಕಾಲದ ಗುರುತನ್ನು ಬಿಡೋದಿಲ್ಲ. ಅದೇ ರೂಢಿಯಲ್ಲಿ ನಾವು ಡಿಡ್ ಯು ಕುಕ್ಟ್ ಅಂದುಬಿಡುತ್ತೇವೆ. ಆಗಿ ಹೋದದ್ದು ಅನ್ನೋದನ್ನು ಡಿಡ್ ಆಗಲೇ ಹೇಳಿ ಮುಗಿಸಿದೆ. ಹಾಗಾಗಿ ಡಿಡ್ ಯು ಕುಕ್? ಡಿಡ್ ಯು ವಾಶ್? ಡಿಡ್ ಯು ಕಾಲ್?

ಹಾಗೇ 'ಹ್ಯಾಡ್' ಬಗ್ಗೆಯೂ ಒಂದು ಮಾತು. ನಾವು 'ನಿನ್ನೆ ಸಿದ್ಧಾರೂಢ ಮಠಕ್ಕೆ ಭೇಟಿ ಕೊಟ್ಟಿದ್ದೆ' ಅನ್ನುತ್ತೇವೆ. ಆ 'ಇದ್ದೆ' ಇಂಗ್ಲಿಷಿಗೆ ಹ್ಯಾಡ್ ಆಗಿ ನುಗ್ಗುತ್ತದೆ: ಐ ಹ್ಯಾಡ್ ವಿಸಿಟಿಡ್. ಬೇಕಿಲ್ಲ. ನಿನ್ನೆಯ ಒಂದು ಕೆಲಸ ಹೇಳೋಕೆ ಐ ವಿಸಿಟಿಡ್ ಸಾಕು. ಇನ್ನೊಂದು ಘಟನೆಗಿಂತ ಮೊದಲೇ ನಡೆದದ್ದು ಅಂತ ತೋರಿಸಬೇಕಾದಾಗ ಮಾತ್ರ ಹ್ಯಾಡ್.

ಬರೀ 'ಐ' ಹೇಳಿ ಬೇಜಾರಾದರೆ ಬೇರೆಯವರ ಕಥೆ ಹೇಳಿ. ಧಾರವಾಡದಲ್ಲಿ ಇದ್ದುಕೊಂಡು ಕಿಟೆಲ್ ಅವರನ್ನು ಬಿಟ್ಟರೆ ಹೇಗೆ? ಜರ್ಮನಿಯಿಂದ ಬಾಸೆಲ್ ಮಿಶನ್ ಕೆಲಸಕ್ಕೆ ಬಂದು, ಈ ಊರಲ್ಲೂ ಇದ್ದು, ಕನ್ನಡ ಕಲಿತು, ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದವರು. ಅವರ ಬದುಕು ಮೂರು ಸದ್ದುಗಳಲ್ಲೂ ಸಿಗುತ್ತದೆ. ಕಿಟೆಲ್ ಲಿವ್ಡ್ ಇನ್ ಧಾರವಾಡ್. ಹಿ ಕಲೆಕ್ಟಿಡ್ ಕನ್ನಡ ವರ್ಡ್ಸ್. ಹಿ ಪಬ್ಲಿಶ್ಟ್ ಹಿಸ್ ಡಿಕ್ಷನರಿ ಇನ್ 1894. ಡ್, ಇಡ್, ಟ್. ಬೇರೆ ಭಾಷೆಯಿಂದ ಬಂದು ನಮ್ಮ ಅಷ್ಟೂ ಪದಗಳನ್ನು ಕೂಡಿಸಿದವರ ಬಗ್ಗೆ ಈ ವಾಕ್ಯ ಹೇಳುವಾಗ ನನಗಂತೂ ಹುರುಪು ಬರುತ್ತದೆ.

ಇದು ಅಡುಗೆಮನೆಗೆ ಮಾತ್ರ ಅಂದುಕೊಳ್ಳಬೇಡಿ. ನೀವು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುವವರಾದರೆ ನಿಮ್ಮ ದಿನ ಡ್ರೈಡ್, ಸಾರ್ಟಿಡ್, ವೇಯ್ಡ್, ಪ್ಯಾಕ್ಟ್, ಲೋಡಿಡ್. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರಾದರೆ ಪ್ರಿಂಟಿಡ್, ಫೋಲ್ಡಿಡ್, ಸ್ಟಿಚ್ಟ್, ಪೇಸ್ಟಿಡ್. ಮೆಕ್ಯಾನಿಕ್ ಆದರೆ ಚೆಕ್ಟ್, ಓಪನ್ಡ್, ರಿಪೇರ್ಡ್, ಟೆಸ್ಟಿಡ್. ರಾತ್ರಿ ಊಟವಾದ ಮೇಲೆ ಮೊಬೈಲಿನ ರೆಕಾರ್ಡರ್ ಆನ್ ಮಾಡಿ, 'ಟುಡೇ' ಅಂತ ಶುರು ಮಾಡಿ ಬೆಳಗಿನಿಂದ ಮಾಡಿದ್ದನ್ನು ಒಂದೊಂದಾಗಿ ಹೇಳಿ. ಮರುದಿನ ಅದನ್ನೇ ಕೇಳಿ, 'ಯೆಸ್ಟರ್ಡೇ' ಹಾಕಿ ಇನ್ನೊಮ್ಮೆ ಹೇಳಿ. ಜೋರಾಗಿ ಹೇಳಬೇಕು, ಮನಸ್ಸಿನಲ್ಲಿ ಅಂದುಕೊಂಡರೆ ಆಗೋದಿಲ್ಲ.

ಈಗ ಊಟದ ಹೊತ್ತು. ದಿನಾ ಬರುವ ಒಬ್ಬ ಹುಡುಗನಿಗೆ ಇವತ್ತು ಕಾಕುವನ್ನು ಇಂಗ್ಲಿಷಿನಲ್ಲೇ ಮಾತಾಡಿಸು ಅಂತ ಹೇಳಿದ್ದೆ. ಅವನು ಎಣಗಾಯಿ ಬಾಯಿಗಿಟ್ಟು ಕೇಳಿದ, "ಆಂಟಿ, ಡಿಡ್ ಯು ಆ್ಯಡ್ ಗಾರ್ಲಿಕ್?"

ಕಾಕು ಸೌಟು ಕೆಳಗಿಟ್ಟರು. "ಯೆಸ್. ಐ ರೋಸ್ಟಿಡ್ ಶೇಂಗಾ. ಐ ಆ್ಯಡಿಡ್ ಗಾರ್ಲಿಕ್. ಐ ಡಿಡಂಟ್ ಆ್ಯಡ್ ಆನಿಯನ್." ಆಮೇಲೆ ನನ್ನ ಕಡೆ ತಿರುಗಿ, "ಬಜಾರದಿಂದ ಬದ್ನಿಕಾಯಿ ತಂದೆ ಅನ್ನೂದಕ್ಕ ಏನಂತಾರವಾ? ಬ್ರಿಂಗ್ಡ್ ಏನು?"

ಅಲ್ಲ ಕಾಕು, ಅದು ಬ್ರಾಟ್. ತಂದೆ, ಕೊಂಡೆ, ಕೊಟ್ಟೆ ಇವೆಲ್ಲ ಇ-ಡಿ ಹಚ್ಚಿಸಿಕೊಳ್ಳದ ಗುಂಪಿನವು. ಅವಕ್ಕೆ ಮುಂದಿನ ವಿಡಿಯೋದಲ್ಲಿ ಬರೋಣ, ಅದೂ ಇಲ್ಲೇ ಧಾರವಾಡದಲ್ಲೇ, ಕಾಕು ಸಂತೆಗೆ ಹೋಗುವ ಮಂಗಳವಾರ.