ಸಾಕವ್ವನ ಹುಂಜ, ಗುತ್ತಿಯ ನಾಯಿ, ಚೋಮನ ದುಡಿ

ಕೇಳುಗರಿಗೆ ನಮಸ್ಕಾರ.

ಒಂದು ಕಾದಂಬರಿ ಓದಿ ಹತ್ತು ಹನ್ನೆರಡು ವರ್ಷ ಆಯಿತು ಅಂದುಕೊಳ್ಳಿ. ಈಗ ತಲೆಯಲ್ಲಿ ಏನು ಉಳಿದಿರುತ್ತದೆ? ಕತೆ ಅರ್ಧಕ್ಕರ್ಧ ಮರೆತುಹೋಗಿರುತ್ತದೆ. ಯಾರು ಯಾರನ್ನು ಮದುವೆಯಾದರು, ಜಮೀನು ಕೊನೆಗೆ ಯಾರ ಪಾಲಾಯಿತು, ಒಂದೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಆದರೆ ಅದರೊಳಗಿನ ಒಬ್ಬಿಬ್ಬರು ಮಾತ್ರ ನಮ್ಮ ಜೊತೆಗೇ ಬಂದುಬಿಟ್ಟಿರುತ್ತಾರೆ. ಬಸ್ಸಿನಲ್ಲಿ ಯಾರನ್ನೋ ನೋಡಿ, ಅರೆ, ಇವನು ಥೇಟ್ 'ಕರ್ವಾಲೊ' ಕಾದಂಬರಿಯ ಮಂದಣ್ಣ ಅನ್ನಿಸುತ್ತದೆ. ಬೀದಿಯಲ್ಲಿ ಯಾರೋ ಅಜ್ಜಿ ಜಗಳಕ್ಕೆ ನಿಂತರೆ 'ಗೃಹಭಂಗ'ದ ಗಂಗಮ್ಮ ನೆನಪಾಗುತ್ತಾಳೆ.

ಹೀಗೆ ಉಳಿಯುವವರು ಯಾಕೆ ಉಳಿಯುತ್ತಾರೆ? ಒಳ್ಳೆಯವರು ಅಂತ ಅಲ್ಲ. ರೂಪದಿಂದಲೂ ಅಲ್ಲ. ಬೇಕಾದರೆ ನಿಮಗೆ ತುಂಬ ಇಷ್ಟವಾದ ಪಾತ್ರವೊಂದರ ಮೂಗು ಹೇಗಿತ್ತು ಅಂತ ಹೇಳಿ ನೋಡೋಣ. ಹೇಳಲು ಆಗುವುದಿಲ್ಲ, ಅಲ್ವಾ? ನನಗೆ ತೋಚಿದ ಕಾರಣ ಇಷ್ಟು. ಕತೆ ನಡೆಯಬೇಕಾದರೆ ಪ್ರತಿ ಪಾತ್ರಕ್ಕೂ ಒಂದು ಕೆಲಸ ಇರುತ್ತದೆ. ಆ ಕೆಲಸ ಮುಗಿದ ಮೇಲೂ ಯಾರಲ್ಲಿ ಒಂದಿಷ್ಟು ಮಿಕ್ಕಿರುತ್ತದೋ, ಅವರು ನಮ್ಮಲ್ಲಿ ಉಳಿಯುತ್ತಾರೆ.

ಚೋಮನನ್ನೇ ತೆಗೆದುಕೊಳ್ಳಿ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನಿಗೆ ಬೇಕಾದದ್ದು ಬೇಸಾಯಕ್ಕೆ ಒಂದು ತುಂಡು ಭೂಮಿ. ಎರಡು ಎತ್ತು ಸಾಕಿಕೊಂಡಿದ್ದಾನೆ. ಹೊಲೆಯನಾದ್ದರಿಂದ ಗೇಣಿಗೂ ಗದ್ದೆ ಸಿಗುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಕತೆಗೆ ಇಷ್ಟು ಸಾಕಿತ್ತು. ಅನ್ಯಾಯ ಎಂಥದ್ದು ಅಂತ ಓದುಗರಿಗೆ ಗೊತ್ತಾಗುತ್ತಿತ್ತು. ಆದರೆ ಕಾರಂತರು ಅವನ ಕೈಗೆ ಒಂದು ದುಡಿ, ಅಂದರೆ ಬಡಿಯುವ ಚರ್ಮವಾದ್ಯ, ಕೊಟ್ಟರು. ಸಿಟ್ಟು ಬಂದರೂ ದುಡಿ, ಕುಡಿದು ಖುಷಿಯಾದರೂ ದುಡಿ, ಮಗ ಸತ್ತರೂ ದುಡಿ. ಬಾಯಲ್ಲಿ ಹೇಳಲು ಬಾರದ್ದೆಲ್ಲ ಅಲ್ಲಿ ಬರುತ್ತದೆ. ಆ ದುಡಿ ಇಲ್ಲದಿದ್ದರೆ ಚೋಮನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದೆವು, ಆಮೇಲೆ ಮರೆಯುತ್ತಿದ್ದೆವು. ಅಯ್ಯೋ ಪಾಪ ಅನ್ನಿಸಿಕೊಂಡ ಪಾತ್ರಗಳು ಬಹಳ ದಿನ ಬದುಕುವುದಿಲ್ಲ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಸಿನಿಮಾ ಮಾಡಿದಾಗ ವಾಸುದೇವ ರಾವ್ ಚೋಮನಾದರು, ರಾಷ್ಟ್ರಪ್ರಶಸ್ತಿಯೂ ಬಂತು. ಆ ಸಿನಿಮಾ ನೋಡಿದವರಿಗೆ ಇವತ್ತಿಗೂ ಮೊದಲು ನೆನಪಾಗುವುದು ದುಡಿಯ ಸದ್ದು.

ಈಗ ನಾಯಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರ ಕಾದಂಬರಿ. ಅದರಲ್ಲಿ ಎಷ್ಟು ಜನ ಬರುತ್ತಾರೆ ಅಂದರೆ ಮೊದಲ ಸಲ ಓದುವವರು ಒಂದು ಹಾಳೆಯಲ್ಲಿ ಹೆಸರು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗೌಡರು, ಹೆಗ್ಗಡೆಯವರು, ಸೇರೆಗಾರರು, ಪಾದ್ರಿ, ಎಲ್ಲರೂ ಇದ್ದಾರೆ. ಆದರೆ ನಮ್ಮನ್ನು ಕಾಡಿನೊಳಕ್ಕೆ ಕರೆದುಕೊಂಡು ಹೋಗುವವನು ಸಿಂಬಾವಿಯ ಜೀತದಾಳು ಗುತ್ತಿ. ಹುಲಿಯ ಅನ್ನುವ ನಾಯಿ ಸದಾ ಹಿಂದೆಯೇ ಇರುತ್ತದೆ ಅಂತ ಅವನಿಗೆ ನಾಯಿಗುತ್ತಿ ಅನ್ನುವ ಹೆಸರು. ಒಡೆಯರ ಕೆಲಸದ ಮೇಲೆ ಹೊರಟವನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಇದೆ. ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಬರಬೇಕು.

ತಿಮ್ಮಿಯನ್ನು ಹಾರಿಸಿಕೊಂಡು ಬರುವುದಕ್ಕೆ ನಾಯಿ ಬೇಕಾಗಿಲ್ಲ. ನಿಜ ಹೇಳಬೇಕಂದರೆ ಅಂಥ ಕೆಲಸಕ್ಕೆ ನಾಯಿ ತೊಂದರೆಯೇ. ಆದರೂ ಗುತ್ತಿ ಅದನ್ನು ಬಿಟ್ಟು ಬರುವವನಲ್ಲ. ಕಾಡುದಾರಿಯಲ್ಲಿ ಅವನು ನಾಯಿಯ ಜೊತೆ ಮಾತಾಡಿಕೊಂಡು, ಬೈದುಕೊಂಡು ನಡೆಯುತ್ತಾನೆ. ಒಡೆಯರ ಮುಂದೆ ಮೈ ಹಿಡಿಮಾಡಿಕೊಂಡು ನಿಲ್ಲುವ ಆಳು ಹುಲಿಯನ ಮುಂದೆ ತಾನೇ ಯಜಮಾನ. ಗುತ್ತಿಯ ಒಳಗೆ ಇರುವ ಆ ಇನ್ನೊಬ್ಬ ಮನುಷ್ಯನನ್ನು ನಮಗೆ ತೋರಿಸಲು ನಾಯಿಯೇ ಬೇಕಾಯಿತು. ಕೊನೆಗೆ ಮಳೆಗಾಲದ ತುಂಗಾ ಹೊಳೆ ದಾಟುವಾಗ ಹುಲಿಯ ನೀರು ಪಾಲಾಗುತ್ತದೆ. ಅಷ್ಟು ದೊಡ್ಡ ಪುಸ್ತಕದಲ್ಲಿ ಸಾವುಗಳಿಗೆ ಕಡಿಮೆ ಇಲ್ಲ. ಓದಿದ ಯಾರನ್ನು ಕೇಳಿದರೂ ಹುಲಿಯನ ಸಾವನ್ನೇ ಮೊದಲು ಹೇಳುತ್ತಾರೆ.

ಇದೇ ಕುವೆಂಪು ಅವರ 1936ರ 'ಕಾನೂರು ಹೆಗ್ಗಡಿತಿ'ಯ ಹೂವಯ್ಯ ನನಗೆ ಅಷ್ಟಾಗಿ ಉಳಿದಿಲ್ಲ. ಅಭಿಮಾನಿಗಳು ಸಿಟ್ಟಾಗಬಾರದು. ಹೂವಯ್ಯ ಓದಿದವನು, ಆದರ್ಶದವನು, ಒಳ್ಳೆಯವನು. ಮಿಕ್ಕಿದ್ದು ಏನೂ ಇಲ್ಲ. ಅದೇ ಪುಸ್ತಕದ ಚಂದ್ರಯ್ಯಗೌಡರನ್ನು ಮರೆಯಲು ಪ್ರಯತ್ನಪಟ್ಟರೂ ಆಗುವುದಿಲ್ಲ.

ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇರುವವನು ಮಂದಣ್ಣ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಮೂಡಿಗೆರೆ ಕಡೆಯ ಕತೆ. ಕರ್ವಾಲೊ ಅನ್ನುವ ವಿಜ್ಞಾನಿ ಹಾರುವ ಓತಿಯೊಂದನ್ನು ಹುಡುಕುತ್ತಿದ್ದಾರೆ. ಅದನ್ನು ಕಣ್ಣಾರೆ ಕಂಡವನು ಮಂದಣ್ಣ. ಕತೆಗೆ ಅವನಿಂದ ಆಗಬೇಕಾದದ್ದು ಅಷ್ಟೇ, ಒಂದು ಸಾಕ್ಷಿ. ಆದರೆ ಅವನ ಹಿಂದೆ ಏನೇನು ಬರುತ್ತದೆ ನೋಡಿ. ಜೇನು ಹಿಡಿಯುವುದರಲ್ಲಿ ಪಳಗಿದ ಕೈ. ಮದುವೆಯ ಹುಚ್ಚು. ಮದುವೆಯಾಗಬೇಕಾದರೆ ಒಂದು ಕೆಲಸ ಬೇಕು ಅನ್ನುವ ಚಿಂತೆ. ಸಾಲದ್ದಕ್ಕೆ ಕಳ್ಳಭಟ್ಟಿ ಕೇಸು. ವಿಜ್ಞಾನಿಯ ತಲೆಯಲ್ಲಿ ಕೋಟ್ಯಂತರ ವರ್ಷಗಳ ಜೀವವಿಕಾಸ ಓಡುತ್ತಿದೆ, ಮಂದಣ್ಣನ ತಲೆಯಲ್ಲಿ ಹುಡುಗಿ. ತೇಜಸ್ವಿ ಎರಡನ್ನೂ ಒಂದೇ ತೂಕದಲ್ಲಿ ಇಡುತ್ತಾರೆ, ಒಂದನ್ನು ದೊಡ್ಡದು ಇನ್ನೊಂದನ್ನು ತಮಾಷೆ ಅಂತ ಮಾಡುವುದಿಲ್ಲ.

ಇಲ್ಲಿ ಇನ್ನೊಂದು ಜಾಣತನ ಇದೆ. ಕತೆ ಹೇಳುವ ರೈತನಿಗೆ ಮೊದಮೊದಲು ಮಂದಣ್ಣ ಒಬ್ಬ ಉಡಾಳನ ಹಾಗೆ ಕಾಣುತ್ತಾನೆ. ಇಂಥವನ ಜೊತೆ ಅಷ್ಟು ದೊಡ್ಡ ವಿಜ್ಞಾನಿಗೆ ಏನು ಸಹವಾಸ ಅಂತ ಅವನಿಗೆ ಆಶ್ಚರ್ಯ. ನಮಗೂ ಹಾಗೇ. ಆದರೆ ಕರ್ವಾಲೊ ಹಳ್ಳಿಯ ಆ ಹುಡುಗನಲ್ಲಿ ಒಬ್ಬ ಹುಟ್ಟು ಜೀವಶಾಸ್ತ್ರಜ್ಞನನ್ನು ಕಂಡಿದ್ದಾರೆ. ಪುಟ ಹೋದಂತೆ ನಾವೂ ಮಂದಣ್ಣನ ಕಣ್ಣನ್ನು ನಂಬಲು ಶುರುಮಾಡುತ್ತೇವೆ. ಅವನು ಒಂದು ಚೂರೂ ಬದಲಾಗಿಲ್ಲ. ಮೊದಲ ಪುಟದಲ್ಲಿ ಹೇಗಿದ್ದನೋ ಹಾಗೇ ಇದ್ದಾನೆ. ಬದಲಾದವರು ನಾವು. ಪಾತ್ರವನ್ನು ಬೆಳೆಸಬೇಕು, ತಿದ್ದಬೇಕು, ಕೊನೆಗೆ ಅವನಿಗೆ ಬುದ್ಧಿ ಬರಬೇಕು ಅಂತ ಪಾಠ ಮಾಡುವವರು ಜಾಸ್ತಿ. ಮಂದಣ್ಣನಿಗೆ ಯಾವ ಬುದ್ಧಿಯೂ ಬರಬೇಕಾಗಿಲ್ಲ.

ಅವನ ಸುತ್ತ ಇರುವವರನ್ನೂ ಬಿಡುವ ಹಾಗಿಲ್ಲ. ಬಿರಿಯಾನಿ ಕರಿಯಪ್ಪ ಇದ್ದಾನೆ, ಪ್ಯಾರ ಇದ್ದಾನೆ, ಕಿವಿ ಅನ್ನುವ ನಾಯಿ ಇದೆ. ಮಲೆನಾಡಿನ ನಮ್ಮ ಸಾಹಿತಿಗಳಿಗೆ ನಾಯಿ ಇಲ್ಲದೆ ಕಾದಂಬರಿ ನಡೆಯುವುದಿಲ್ಲ ಅಂತ ಕಾಣುತ್ತದೆ.

ಮಲೆನಾಡು ಬಿಟ್ಟು ನಂಜನಗೂಡಿನ ಸೀಮೆಗೆ ಬರೋಣ. ದೇವನೂರ ಮಹಾದೇವ ಅವರ 'ಒಡಲಾಳ' ಬಹಳ ಚಿಕ್ಕ ಪುಸ್ತಕ. ಒಂದು ಮಧ್ಯಾಹ್ನ ಕೂತರೆ ಮುಗಿಯುತ್ತದೆ. ಅದರಲ್ಲಿ ಮುದುಕಿ ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಊರೆಲ್ಲ ಹುಡುಕುತ್ತಾಳೆ, ವಿಚಾರಿಸುತ್ತಾಳೆ, ಬೈಯುತ್ತಾಳೆ. ಮನೆ ತುಂಬ ಮಕ್ಕಳು, ಸೊಸೆ, ಮೊಮ್ಮಗ, ಅವರ ನಡುವೆ ಹಸಿವು. ಬರೀ ಹಸಿವಿನ ಕತೆ ಬರೆಯಬೇಕು ಅಂದಿದ್ದರೆ ಹುಂಜದ ಗೊಡವೆ ಬೇಕಿರಲಿಲ್ಲ.

ಒಂದು ರಾತ್ರಿ ಆ ಮನೆಗೆ ಸಾಹುಕಾರ ಎತ್ತಪ್ಪನ ಕಡೆಯಿಂದ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಆ ರಾತ್ರಿಯ ಭಾಗವನ್ನು ನಿಧಾನವಾಗಿ ಓದಬೇಕು. ಮನೆ ಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಾರೆ. ತಿನ್ನುತ್ತಾರೆ, ತಿನ್ನುತ್ತಲೇ ಇರುತ್ತಾರೆ. ಸಿಪ್ಪೆ ಬಿಡಿಸುವ ಸದ್ದು, ಅಗಿಯುವ ಸದ್ದು, ನಡುನಡುವೆ ಮಾತು, ನಗು. ಕಳ್ಳತನ ಮಾಡಿದ ಮನೆಯಲ್ಲಿ ಇರಬೇಕಾದ ಭಯಕ್ಕಿಂತ ಹಬ್ಬದ ಸಡಗರವೇ ಹೆಚ್ಚು. ಮಾರನೆಯ ದಿನ ಪೊಲೀಸರು ಬಂದು ಮೂಲೆಮೂಲೆ ಹುಡುಕಿದರೂ ಏನೂ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಮಾಲೆಲ್ಲ ಹೊಟ್ಟೆಯಲ್ಲಿದೆ.

ಆ ಹೊತ್ತಿನಲ್ಲೂ ಸಾಕವ್ವನ ಚಿಂತೆ ಅವಳದೇ. ಸಾಹುಕಾರನ ಮೂಟೆ ಹೋದರೆ ಪೊಲೀಸರು ಬರುತ್ತಾರೆ, ಅವಳ ಹುಂಜ ಹೋದರೆ ಕೇಳುವವರಿಲ್ಲ. ದೇವನೂರರು ಇದನ್ನು ಬಿಡಿಸಿ ಹೇಳುವುದಿಲ್ಲ. ನ್ಯಾಯ, ವ್ಯವಸ್ಥೆ ಅಂತ ಭಾಷಣ ಮಾಡುವುದಿಲ್ಲ. ಸುಮ್ನೆ ಹುಂಜ ಹುಡುಕುವ ಒಬ್ಬ ಮುದುಕಿಯನ್ನು ನಮ್ಮ ಮುಂದೆ ಬಿಟ್ಟಿದ್ದಾರೆ. ಅವಳು ನಗಿಸುತ್ತಾಳೆ, ತಲೆ ತಿನ್ನುತ್ತಾಳೆ. ಅವಳಿಗೆ ನಮ್ಮ ಕನಿಕರ ಬೇಕಾಗಿಲ್ಲ, ಹುಂಜ ಸಿಕ್ಕರೆ ಸಾಕು.

ಸಾಕವ್ವನಂಥವಳ ಪಕ್ಕದಲ್ಲಿ ಪ್ರಾಣೇಶಾಚಾರ್ಯರನ್ನು ನಿಲ್ಲಿಸಿದರೆ ಮಜಾ ಇರುತ್ತದೆ. ಅನಂತಮೂರ್ತಿಯವರ 'ಸಂಸ್ಕಾರ', 1965. ಅಗ್ರಹಾರದಲ್ಲಿ ಬ್ರಾಹ್ಮಣರ ಆಚಾರ ಮುರಿದ ನಾರಣಪ್ಪ ಸತ್ತಿದ್ದಾನೆ, ಅವನ ಶವಸಂಸ್ಕಾರ ಮಾಡುವವರು ಯಾರು ಅನ್ನುವುದು ಪ್ರಶ್ನೆ, ತೀರ್ಮಾನ ಹೇಳಬೇಕಾದವರು ಪ್ರಾಣೇಶಾಚಾರ್ಯರು. ಆಚಾರ್ಯರ ಸಂಕಟ ದೊಡ್ಡದೇ. ಆದರೆ ನನಗೆ ನೆನಪಿರುವುದು ಸಂಕಟ, ಆಚಾರ್ಯರಲ್ಲ. ಕತೆ ಶುರುವಾಗುವ ಹೊತ್ತಿಗೆ ಹೆಣವಾಗಿರುವ ನಾರಣಪ್ಪನೇ ಅವರಿಗಿಂತ ಜಾಸ್ತಿ ಬದುಕಿದ್ದಾನೆ. ಕೊನೆಯ ಭಾಗದಲ್ಲಿ ಬರುವ ಪುಟ್ಟನಂತೂ ಕೇಳಲೇಬೇಡಿ. ಊರು ಬಿಟ್ಟು ಒಬ್ಬರೇ ಇರಬೇಕು ಅಂತ ಹೊರಟ ಆಚಾರ್ಯರಿಗೆ ದಾರಿಯಲ್ಲಿ ಗಂಟು ಬೀಳುತ್ತಾನೆ. ಎಷ್ಟು ತಪ್ಪಿಸಿಕೊಂಡರೂ ಬಿಡುವುದಿಲ್ಲ. ಒಗಟು ಕೇಳುತ್ತಾನೆ, ಮೇಳಿಗೆಯ ತೇರಿಗೆ ಕರೆದುಕೊಂಡು ಹೋಗುತ್ತಾನೆ, ಹೋಟೆಲಿಗೆ ಕರೆಯುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ. ವೇದಾಂತ ಬಲ್ಲ ಆಚಾರ್ಯರಿಗೆ ಒಬ್ಬ ವಾಚಾಳಿಯನ್ನು ಕಳಿಸಿಬಿಡುವುದು ಹೇಗೆ ಅಂತ ಮಾತ್ರ ಗೊತ್ತಿಲ್ಲ. ಪುಟ್ಟನಂಥವರು ಬಸ್ ಸ್ಟ್ಯಾಂಡಿನಲ್ಲಿ ನಿಮಗೂ ಸಿಕ್ಕಿರುತ್ತಾರೆ.

ಹಾಗಾದರೆ ಒಳ್ಳೆಯವರು ಯಾರೂ ಉಳಿಯುವುದೇ ಇಲ್ಲವಾ ಅಂತ ಕೇಳಬಹುದು. ಉಳಿಯುತ್ತಾರೆ. ನಂಜಮ್ಮ ಇದ್ದಾಳಲ್ಲ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರದು. ಗಂಡ ಚೆನ್ನಿಗರಾಯನಿಗೆ ಶಾನುಭೋಗಿಕೆ ಬಂದಿದೆ, ಲೆಕ್ಕ ಬರೆಯಲು ಬರುವುದಿಲ್ಲ. ಬರುವುದು ಊಟ ಒಂದೇ. ನಂಜಮ್ಮ ಕಲಿತು ಲೆಕ್ಕ ಬರೆಯುತ್ತಾಳೆ. ಮುತ್ತುಗದ ಎಲೆ ತಂದು, ಒಣಗಿಸಿ, ಊಟದೆಲೆ ಹಚ್ಚಿ ಮಾರುತ್ತಾಳೆ. ಇಂಥ ಹೆಂಗಸನ್ನು ತ್ಯಾಗದ ಮೂರ್ತಿ ಮಾಡುವುದು ಬಹಳ ಸುಲಭವಿತ್ತು. ಭೈರಪ್ಪ ಅವಳ ಕೈಯನ್ನು ಒಂದು ಗಳಿಗೆಯೂ ಸುಮ್ಮನೆ ಬಿಡಲಿಲ್ಲ. ಅವಳು ಯಾವಾಗಲೂ ಏನೋ ಒಂದು ಕೆಲಸದ ನಡುವೆಯೇ ನಮಗೆ ಕಾಣುವುದು. ಅಳುವುದಕ್ಕೂ ಪುರಸೊತ್ತಿಲ್ಲ. ಪ್ಲೇಗು ಬಂದು ಮಕ್ಕಳನ್ನು ಕಿತ್ತುಕೊಳ್ಳುವ ಭಾಗ ಓದುವಾಗ ನಮ್ಮ ಎದೆ ಒಡೆಯುವುದು ಅದಕ್ಕೇ. ಅಷ್ಟು ಹೊತ್ತಿಗೆ ಅವಳ ಮನೆಯ ಖರ್ಚುವೆಚ್ಚವೆಲ್ಲ ನಮಗೂ ಗೊತ್ತಾಗಿರುತ್ತದೆ.

ನಂಜಮ್ಮನ ಹಾದಿಗೆ ಅಡ್ಡ ನಿಂತಿರುವವಳು ಅತ್ತೆ ಗಂಗಮ್ಮ. ಬಾಯಿ ತೆರೆದರೆ ಬೈಗುಳ. ಸ್ವಂತ ಮಕ್ಕಳನ್ನೂ ಬಿಟ್ಟಿಲ್ಲ. ಕನ್ನಡದಲ್ಲಿ ಇಷ್ಟು ಸಲೀಸಾಗಿ ಬೈಯುವ ಇನ್ನೊಂದು ಪಾತ್ರ ನನಗಂತೂ ಸಿಕ್ಕಿಲ್ಲ. ಗಿರೀಶ ಕಾಸರವಳ್ಳಿಯವರು ಇದನ್ನು ಟೀವಿಗೆ ಧಾರಾವಾಹಿ ಮಾಡಿದಾಗ ಪುಸ್ತಕ ಮುಟ್ಟದವರಿಗೂ ಗಂಗಮ್ಮನ ಪರಿಚಯವಾಯಿತು. ಕೆಟ್ಟವಳಾ? ಹೌದು, ಸಂಶಯವೇ ಇಲ್ಲ. ಆದರೆ ಹೊಂಚು ಹಾಕಿ ಕೆಡುಕು ಮಾಡುವ ಬುದ್ಧಿವಂತಿಕೆಯೂ ಅವಳಿಗೆ ಇಲ್ಲ. ಬಾಯಿಗೆ ಬಂದದ್ದು ಅಂದಳು, ಮನೆ ಹಾಳಾಯಿತು, ಯಾಕೆ ಹಾಳಾಯಿತು ಅಂತ ಅವಳಿಗೇ ತಿಳಿಯಲಿಲ್ಲ. ಅವಳು ಮಾತಾಡುವ ಪುಟಗಳನ್ನು ಮನಸ್ಸಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟು ಓದಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಬಾಗಿಲು ಹಾಕಿಕೊಂಡು ಓದಿ.

ನಮಸ್ಕಾರ.